ಕಲ್ಯಾಣದ ಕಾದಂಬರಿಗೆ ಬಾಗೇವಾಡಿಯ ಹೊಸ್ತಿಲು

ಮುದ್ದೇಬಿಹಾಳ ಸೀಮೆಯ ತಂಗಡಗಿಯ ಹೆಸರನ್ನು ಹೊರಗಿನವರು ಕೇಳಿರುವುದು ಯುದ್ಧದ ಜೊತೆಯಲ್ಲಿ. 1565ರ ಜನವರಿ 23ರಂದು ವಿಜಯನಗರದ ದಂಡು ಸುಲ್ತಾನರ ಕೂಟಕ್ಕೆ ಸೋತದ್ದನ್ನು ಪಠ್ಯಪುಸ್ತಕಗಳು ತಾಳಿಕೋಟೆ ಯುದ್ಧ ಎನ್ನುತ್ತವೆ. ಎರಡು ಹಳ್ಳಿಗಳ ಹೆಸರು ಜೋಡಿಸಿ ರಕ್ಕಸಗಿ-ತಂಗಡಗಿ ಯುದ್ಧ ಎನ್ನುವ ರೂಢಿಯೂ ಇದೆ. ಇಲ್ಲಿಯ ಜನಕ್ಕೆ ಮಾತ್ರ ತಂಗಡಗಿ ಮೊದಲು ನೀಲಮ್ಮನ ಊರು, ಯುದ್ಧದ ಮಾತು ಆಮೇಲಿನದು. ಕಲ್ಯಾಣ ಕೆಟ್ಟ ಹೊತ್ತಿನಲ್ಲಿ ಕೂಡಲಸಂಗಮ ಸೇರಿದ ಬಸವಣ್ಣ ಹೆಂಡತಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದನಂತೆ. ಆಕೆ ಹೊರಟು ಬಂದಳು. ಹೊಳೆ ದಾಟಿದರೆ ಸಂಗಮ. ದಾಟಲಿಲ್ಲ, ತಂಗಡಗಿಯಲ್ಲೇ ಐಕ್ಯಳಾದಳು. ಯಾಕೆ ದಾಟಲಿಲ್ಲ ಎಂಬಲ್ಲಿಗೆ ಬಂದಾಗ ಹೇಳಿಕೆಗಳು ಕವಲೊಡೆಯುತ್ತವೆ. ಗಂಡ ಆಗಲೇ ಲಿಂಗೈಕ್ಯನಾದ ಸುದ್ದಿ ದಾರಿಯಲ್ಲಿ ಮುಟ್ಟಿತು ಎಂಬುದು ಒಂದು. ಅಲ್ಲಿರುವ ಸಂಗಯ್ಯ ತಾನಿದ್ದಲ್ಲಿಯೂ ಇರುವಾಗ ಹೋಗುವುದು ಯಾತಕ್ಕೆಂದು ಆಕೆ ಕರೆಯನ್ನೇ ಒಪ್ಪಲಿಲ್ಲ ಎಂಬುದು ಇನ್ನೊಂದು. ಮೊದಲನೆಯ ಹೇಳಿಕೆಯಲ್ಲಿ ಆಕೆ ಸುದ್ದಿ ಕೇಳಿ ಕುಸಿದ ಹೆಂಡತಿ. ಎರಡನೆಯದರಲ್ಲಿ, ಗಂಡ ಕಲಿಸಿದ ಧರ್ಮವನ್ನೇ ಹಿಡಿದು ಗಂಡನ ಕರೆಗೆ ಇಲ್ಲವೆಂದವಳು. ಎರಡೂ ಎಂಟುನೂರು ವರ್ಷದಿಂದ ಒಂದೇ ಗುಡಿಯಲ್ಲಿ ಒಂದರ ಪಕ್ಕದಲ್ಲೊಂದು ಬದುಕಿವೆ. ಇಷ್ಟು ಗಟ್ಟಿಯಾದ ಧರ್ಮಸಂಕಟ ಕೈಯೆಟುಕಿನಲ್ಲಿದ್ದೂ ಕನ್ನಡದ ಐತಿಹಾಸಿಕ ಕಾದಂಬರಿ ಇದರ ಸುತ್ತ ದೊಡ್ಡದೊಂದು ಕೃತಿಯನ್ನು ಕಟ್ಟಲಿಲ್ಲ. ಯಾಕೆ ಕಟ್ಟಲಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ.

ಮನೆಯೊಳಗಿನ ಸಂಕಟವನ್ನು ಚರಿತ್ರೆಯ ನಡುವೆ ನಿಲ್ಲಿಸಿ ಓದುಗರ ಕರುಳು ಹಿಡಿಯುವಂತೆ ಬರೆಯುವುದು ನಮ್ಮವರಿಗೆ ಬಾರದ ವಿದ್ಯೆಯೇನಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಅರಸೊತ್ತಿಗೆ ಇಂಗ್ಲಿಷರ ಕೈಗೆ ಹೋದ ಕತೆ; ಆದರೆ ಅದನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಅಣ್ಣ-ತಂಗಿಯ ಹಗೆ, ಆ ಹಗೆಗೆ ಬಲಿಯಾದ ಕೂಸು. ಅವರ ‘ಚೆನ್ನಬಸವನಾಯಕ’ದಲ್ಲಿ (1949) ಬಿದನೂರು ಕುಸಿಯುವುದಕ್ಕೆ ಹೈದರನ ದಂಡಿನಷ್ಟೇ ರಾಣಿ ಮತ್ತು ಮಗನ ನಡುವಿನ ಬಿರುಕೂ ಕಾರಣ. ಅರಮನೆಯನ್ನು ಮಾಸ್ತಿ ಒಂದು ಮನೆಯೆಂದೇ ನೋಡಿದರು. ಅಡುಗೆಮನೆಯ ಮಾತು ದರ್ಬಾರಿನ ಮಾತಿಗಿಂತ ಮೊದಲು ಅವರ ಕಿವಿಗೆ ಬೀಳುತ್ತಿತ್ತು. ಕಲ್ಯಾಣದ ಕಡೆ ತಿರುಗಿದರೆ ಚಿತ್ರ ಬೇರೆ. ಬಿ. ಪುಟ್ಟಸ್ವಾಮಯ್ಯನವರ ಆರು ಕಾದಂಬರಿಗಳ ಮಾಲೆ ಈ ಕಾಲವನ್ನು ಕುರಿತ ಅತಿ ದೊಡ್ಡ ಸಾಹಸ. ಕೊನೆಯ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಉದಯರವಿ, ರಾಜ್ಯಪಾಲ, ಕಲ್ಯಾಣೇಶ್ವರ, ನಾಗಬಂಧ, ಮುಗಿಯದ ಕನಸು ಎಂಬ ಉಳಿದ ಹೆಸರುಗಳನ್ನು ಸಾಲಾಗಿ ಓದಿದರೇ ತಕ್ಕಡಿ ಯಾವ ಕಡೆ ವಾಲಿದೆ ಎಂಬುದು ತಿಳಿಯುತ್ತದೆ. ಚಾಲುಕ್ಯರ ಗದ್ದುಗೆ ಕಲಚುರಿ ಬಿಜ್ಜಳನ ಪಾಲಾದದ್ದು, ಒಳಸಂಚು, ದಂಗೆ, ಕೊಲೆ, ಇವು ಆ ಮಾಲೆಯ ಬೆನ್ನೆಲುಬು. ಅದು ತಪ್ಪು ಎಂದಲ್ಲ. ಕಲ್ಯಾಣದಲ್ಲಿ ರಾಜಕೀಯ ಇದ್ದೇ ಇತ್ತು. ನನ್ನ ತಕರಾರು ಇಷ್ಟೇ: ಧರ್ಮಸಂಕಟದಲ್ಲಿ ನಿರ್ಧಾರ ತೆಗೆದುಕೊಂಡವನನ್ನು ಬರೆದು ಬರೆದು ದಣಿದಿದ್ದೇವೆ, ಆ ನಿರ್ಧಾರದ ಭಾರ ಬಿದ್ದ ಮನೆಯವರನ್ನು ಕಾದಂಬರಿಯ ನಡುಮನೆಗೆ ಕರೆದದ್ದು ಕಡಿಮೆ.

ನಾಟಕಕಾರರು ಈ ಮಾತಿನಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಅರಮನೆಯಲ್ಲಿ ಶುರುವಾಗುವುದಿಲ್ಲ. ಅಗ್ರಹಾರದ ಒಂದು ಮನೆಯಲ್ಲಿ, ಸಾಯುತ್ತಿರುವ ಸಾಂಬಶಿವಶಾಸ್ತ್ರಿಯ ನರಳಾಟದಲ್ಲಿ ಶುರುವಾಗುತ್ತದೆ. ಅಪ್ಪ ಮಗನಿಗಾಗಿ ಹಂಬಲಿಸುತ್ತಿದ್ದಾನೆ. ಶರಣರ ಕೆಲಸದಲ್ಲಿ ಮೈಮರೆತಿದ್ದ ಮಗ ಜಗದೇವ ಕಡೆಗೂ ಬಾಗಿಲಿಗೆ ಬರುತ್ತಾನೆ. ಬಂದವನು ಒಳಗೆ ಓಡುವ ಬದಲು, ತೊಗಲು ಹದ ಮಾಡುವವನ ಮಗನಾದ ಗೆಳೆಯ ಮಲ್ಲಿಬೊಮ್ಮ ತನ್ನ ಜೊತೆ ಒಳಗೆ ಬರಬೇಕೆಂದು ಪಟ್ಟು ಹಿಡಿಯುತ್ತಾನೆ. ಹೊಸ್ತಿಲ ಒಳಗೆ ಸಾವು, ಹೊಸ್ತಿಲ ಹೊರಗೆ ಸಮಾನತೆ, ನಡುವೆ ಕೈ ಹಿಸುಕಿಕೊಳ್ಳುವ ತಾಯಿ. ಜಗದೇವ ಹೇಳುವುದು ಸರಿ. ಆ ಗಳಿಗೆಯಲ್ಲಿ ಅದನ್ನು ಹೇಳುವ ಅವನ ಬಗೆ ಕ್ರೂರ. ನೋಡುವವರಿಗೆ ಎರಡೂ ಒಟ್ಟಿಗೇ ಕಾಣುತ್ತವೆ, ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಆಗುವುದಿಲ್ಲ. ಅದೇ ಜಗದೇವ ಕೊನೆಗೆ ಬಿಜ್ಜಳನ ಕೊಲೆಗೆ ಕೈ ಹಾಕುವಾಗ ಮೊದಲ ದೃಶ್ಯದ ಆ ಹಟ ನೆನಪಾಗದೆ ಇರದು. ರಂಗದ ಮೇಲೆ ಎರಡೂವರೆ ಗಂಟೆಯಲ್ಲಿ ಇಷ್ಟು ಸಾಧ್ಯವಾದರೆ ಕಾದಂಬರಿಯ ಐನೂರು ಪುಟಕ್ಕೆ ಆ ತಾಯಿಯ ಉಳಿದ ಬದುಕನ್ನು ಹಿಂಬಾಲಿಸುವ ಅವಕಾಶವಿತ್ತು.

ಇಲ್ಲಿ ಏಳುವ ಮೊದಲ ಆಕ್ಷೇಪ ಆಧಾರದ್ದು. ಬಿಜ್ಜಳನಿಗೆ ಶಾಸನಗಳಿವೆ, ಬಸವಣ್ಣ ಹುಟ್ಟಿ ಬೆಳೆದ ಬಾಗೇವಾಡಿಯ ಮನೆಗೆ ಏನಿದೆ? ಇರುವುದು ಭಕ್ತರು ಬರೆದ ಪುರಾಣ, ಅವೂ ಒಂದಕ್ಕೊಂದು ಹೊಂದುವುದಿಲ್ಲ ಎನ್ನುತ್ತಾರೆ. ಹೊಂದುವುದಿಲ್ಲ ಎಂಬುದು ನಿಜ, ಆದರೆ ಎಲ್ಲಿ ಹೊಂದುವುದಿಲ್ಲ ಎಂದು ನೋಡಬೇಕು. ಬಸವಣ್ಣನ ಕಾಲಕ್ಕೆ ಹತ್ತಿರದವನಾದ ಹರಿಹರನ ರಗಳೆಯಲ್ಲಿ ತಂದೆತಾಯಿ ಮೊದಲೇ ತೀರಿಹೋಗುತ್ತಾರೆ, ಹುಡುಗ ಮುತ್ತವ್ವೆಯ ಕೈಯಲ್ಲಿ ಬೆಳೆಯುತ್ತಾನೆ, ಹದಿನಾರರ ವಯಸ್ಸಿಗೆ ಜನಿವಾರ ಕಿತ್ತೆಸೆದು ಕಪ್ಪಡಿ ಸಂಗಮದ, ಅಂದರೆ ಕೂಡಲಸಂಗಮದ, ದಾರಿ ಹಿಡಿಯುತ್ತಾನೆ. ತೆಲುಗಿನ ಪಾಲ್ಕುರಿಕೆ ಸೋಮನಾಥನನ್ನು ಅನುಸರಿಸಿ ಭೀಮಕವಿ 1369ರಲ್ಲಿ ಬರೆದ ‘ಬಸವಪುರಾಣ’ದಲ್ಲಿ ತಂದೆ ಮಾದಿರಾಜ ಬದುಕಿದ್ದಾನೆ; ಎಂಟು ವರ್ಷದ ಮಗ ಮುಂಜಿ ಬೇಡವೆಂದು ಅಪ್ಪನಿಗೆ ಎದುರಾಡಿ, ಅಕ್ಕ ನಾಗಮ್ಮನ ಜೊತೆ ಮನೆ ಬಿಡುತ್ತಾನೆ. ನಾವು ಶಾಲೆಯಲ್ಲಿ ಕಲಿತದ್ದು ಎರಡನೆಯದನ್ನೇ. ಹರಿಹರ ತಾಯ್ತಂದೆಯರನ್ನು ಮೊದಲೇ ಸಾಯಿಸಿ ಮಗನ ಬಂಡಾಯದಿಂದ ಯಾರ ಎದೆಯೂ ಒಡೆಯದಂತೆ ನೋಡಿಕೊಂಡ ಎಂದು ನನಗನ್ನಿಸುತ್ತದೆ. ಜನಿವಾರ ಹರಿದಾಗ ಅಳಲು ಅಲ್ಲಿ ಮುತ್ತವ್ವೆ ಬಿಟ್ಟರೆ ಹತ್ತಿರದವರು ಯಾರೂ ಇಲ್ಲ. ಭೀಮಕವಿಯ ಪರಂಪರೆ ಅಪ್ಪನನ್ನು ಉಳಿಸಿಕೊಂಡು ಆ ನೋವನ್ನು ಎದುರಿಗೆ ತಂದು ನಿಲ್ಲಿಸಿತು. ಅಂದರೆ ಹದಿನಾಲ್ಕನೆಯ ಶತಮಾನದ ಹೊತ್ತಿಗಾಗಲೇ, ಧರ್ಮಕ್ಕಾಗಿ ಹೆತ್ತವರನ್ನು ನೋಯಿಸಬಹುದೇ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಎರಡು ಕತೆಗಳಿದ್ದವು. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವುದು ಬೇಕು? ಘಟನೆ ಹೇಗೆ ನಡೆಯಿತೆಂಬುದಕ್ಕೆ ಸಾಕ್ಷಿ ಇಲ್ಲದಿರಬಹುದು. ಅದು ಜನರನ್ನು ಎಲ್ಲಿ ಕಾಡಿತು ಎಂಬುದಕ್ಕೆ ಇದೆ.

ಇನ್ನೊಂದು ಕಲ್ಲಿನ ಸಾಕ್ಷಿಯೂ ಇದೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸಿಕ್ಕ 1260ರ ಶಾಸನ ಸಂಗಣಬಸವನನ್ನೂ ಆತನ ಅಣ್ಣ ದೇವರಾಜನನ್ನೂ ಹೆಸರಿಸುತ್ತದೆ, ಅಣ್ಣನ ವಂಶದ ಹಾಲಬಸವಿದೇವನಿಗೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಈತನೇ ನಮ್ಮ ಬಸವಣ್ಣ ಎಂದು ಪಿ.ಬಿ. ದೇಸಾಯಿ ಮೊದಲಾದವರು ವಾದಿಸಿದ್ದಾರೆ. ಪುರಾಣಗಳಲ್ಲಿ ಅಕ್ಕನಿಗೆ ಸಿಕ್ಕ ಜಾಗದ ಕಾಲುಭಾಗವೂ ಈ ಅಣ್ಣನಿಗೆ ಸಿಕ್ಕಿಲ್ಲ. ತಮ್ಮ ಮನೆ ಬಿಟ್ಟು ಹೋದ ಬಳಿಕ ಅಣ್ಣ ಆ ಮನೆಯಲ್ಲಿ ಹೇಗಿದ್ದ, ಎಷ್ಟು ಕಾಲ ಇದ್ದ, ಇಂಗಳೇಶ್ವರದ ಸೋದರಮಾವಂದಿರ ಮುಂದೆ ಏನು ಹೇಳಿದ ಎಂಬುದನ್ನೆಲ್ಲ ಯಾರೂ ಬರೆದಿಟ್ಟಿಲ್ಲ. ಸಂಶೋಧಕ ಇಲ್ಲಿ ಕೈಕಟ್ಟಿ ನಿಲ್ಲಬೇಕಾದದ್ದು ಅವನ ಶಿಸ್ತು. ಕಾದಂಬರಿಕಾರನೂ ನಿಂತುಬಿಟ್ಟರೆ ಅವನಿಗೆ ಕೆಲಸವೇ ಉಳಿಯುವುದಿಲ್ಲ. ಟೋನಿ ಮಾರಿಸನ್ನರ ‘ಬಿಲವೆಡ್’ (1987) ಹುಟ್ಟಿದ್ದು 1856ರಲ್ಲಿ ಅಮೆರಿಕದ ಒಹಾಯೋದಲ್ಲಿ ನಡೆದ ಒಂದು ಘಟನೆಯ ವರದಿಯಿಂದ: ತಪ್ಪಿಸಿಕೊಂಡು ಬಂದಿದ್ದ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು, ಮಗಳು ಮತ್ತೆ ಗುಲಾಮಗಿರಿಗೆ ಹೋಗಬಾರದೆಂದು ಕೈಯಾರೆ ಕೊಂದಳು. ಸುದ್ದಿ ಅಷ್ಟೇ. ಆ ತಾಯಿ ಮುಂದೆ ಆ ಮನೆಯಲ್ಲಿ ಹೇಗೆ ಉಸಿರಾಡಿದಳು ಎಂಬುದು ಮಾರಿಸನ್ನರದು. ಅವರು ತಾಯಿಯನ್ನು ದೂರಲೂ ಇಲ್ಲ, ಬಿಡಿಸಲೂ ಇಲ್ಲ.

ಎರಡನೆಯ ಆಕ್ಷೇಪ ತಾತ್ವಿಕವಾದದ್ದು, ಮಠಗಳ ಪ್ರವಚನದಲ್ಲಿ ಕೇಳಿಬರುವಂಥದ್ದು. ಶರಣರು ಸಂಸಾರದ ಮೋಹ ದಾಟಿದವರು, ಅವರಿಗೆ ಮನೆವಾರ್ತೆಯ ಕಣ್ಣೀರು ಅಂಟಿಸುವುದು ಅವರನ್ನು ಕುಗ್ಗಿಸಿದಂತೆ ಎಂಬ ವಾದ. ನನಗೆ ಇದು ಶರಣರ ಮೇಲೆ ಸನ್ಯಾಸಿಗಳ ಕಾವಿ ಹೊದಿಸುವ ಕೆಲಸವಾಗಿ ಕಾಣುತ್ತದೆ. ವಚನ ಚಳವಳಿ ಜೋಡಿಗಳ ಚಳವಳಿ. ಆಯ್ದಕ್ಕಿ ಮಾರಯ್ಯ ಅಂದಿನ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಿರುಗಿ ಹಾಕಿ ಬಾ ಎಂದು ಗದರಿದವಳು ಹೆಂಡತಿ ಲಕ್ಕಮ್ಮ. ಧರ್ಮದ ಮಾತು ಅಲ್ಲಿ ಒಲೆಯ ಮುಂದೆ ನಡೆಯಿತು. ಹರಳಯ್ಯನ ಕತೆಯೂ ಹಾಗೆಯೇ. ಬಸವಣ್ಣನ ಒಂದು ಶರಣಾರ್ಥಿಗೆ ಪ್ರತಿಯಾಗಿ ಗಂಡ-ಹೆಂಡತಿ ತಮ್ಮ ತೊಡೆಯ ತೊಗಲಿನಿಂದ ಪಾದರಕ್ಷೆ ಹೊಲಿದರು ಎನ್ನುತ್ತಾರೆ. ಒಬ್ಬರ ತೊಡೆಯಲ್ಲ, ಎಡಗಾಲಿನದು ಒಬ್ಬರದು, ಬಲಗಾಲಿನದು ಇನ್ನೊಬ್ಬರದು. ಮುಂದೆ ಅದೇ ಮನೆಯ ಮಗ ಶೀಲವಂತನಿಗೆ, ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳು ಲಾವಣ್ಯಳನ್ನು ಕೊಟ್ಟು ಮದುವೆಯಾಯಿತು. ಬಿಜ್ಜಳ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ. ಬೀದಿಯ ಈ ದೃಶ್ಯವನ್ನು ಕನ್ನಡದಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಆ ಮದುವೆಗೆ ಲಾವಣ್ಯಳನ್ನು ಯಾರಾದರೂ ಕೇಳಿದರೇ? ಹಿರಿಯರ ಧರ್ಮದ ಪರೀಕ್ಷೆಗೆ ಮಕ್ಕಳನ್ನು ಮುಂದೆ ಮಾಡುವುದು ಸರಿಯೇ ಎಂದು ಹರಳಯ್ಯನ ಹೆಂಡತಿಗೆ ಒಂದು ರಾತ್ರಿಯಾದರೂ ಅನ್ನಿಸಲಿಲ್ಲವೇ? ಈ ಪ್ರಶ್ನೆ ಎತ್ತಿದರೆ ಶರಣರು ಸಣ್ಣವರಾಗುವುದಿಲ್ಲ. ಎಲ್ಲ ಗೊತ್ತಿದ್ದೂ ಆ ಮನೆಗಳು ಒಪ್ಪಿದವು ಎಂಬುದು ಆಗಲೇ ಭಾರವಾಗಿ ಕಾಣುವುದು.

ಮೂರನೆಯದಕ್ಕೆ ಸುಲಭದ ಉತ್ತರವಿಲ್ಲ. ಭಕ್ತರ ಮನಸ್ಸು ನೋಯುತ್ತದೆ, ಆದ್ದರಿಂದ ಆ ಮನೆಯ ಬಾಗಿಲು ತಟ್ಟಬೇಡಿ ಎಂಬ ಆಕ್ಷೇಪ ಅದು. ಇದನ್ನು ಬರೀ ಅಂಜಿಕೆ ಎಂದು ತಳ್ಳಿಹಾಕುವಂತಿಲ್ಲ, ನಡೆದುಹೋದದ್ದು ಕಣ್ಣೆದುರಿಗಿದೆ. ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿ, ನೀಲಮ್ಮನ ವಚನಗಳನ್ನೂ ಅಕ್ಕ ನಾಗಮ್ಮನ ಮಗ ಚೆನ್ನಬಸವಣ್ಣನ ಹುಟ್ಟನ್ನೂ ಕುರಿತು ‘ಮಾರ್ಗ’ದ ಮೊದಲ ಸಂಪುಟದಲ್ಲಿ ಬರೆದದ್ದಕ್ಕೆ ಭಾರಿ ವಿರೋಧ ಎದುರಿಸಿ 1989ರಲ್ಲಿ ಆ ಮಾತುಗಳನ್ನು ಹಿಂದೆಗೆದುಕೊಳ್ಳಬೇಕಾಯಿತು; ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆ ಎಂದು ಕರೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದ ಮೇಲೆ, ಅದೇ ಅಕ್ಕನಾಗಮ್ಮ-ಚೆನ್ನಬಸವಣ್ಣರ ಪ್ರಸಂಗ ಕಾರಣವಾಗಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಎರಡು ಪ್ರಕರಣವೂ ಬಸವಣ್ಣನ ರಾಜಕೀಯವನ್ನಾಗಲಿ ಭಂಡಾರದ ಲೆಕ್ಕವನ್ನಾಗಲಿ ಕುರಿತವಲ್ಲ. ಎರಡೂ ಒಂದೇ ಮನೆಯ ಒಳಕೋಣೆಯ ಸುತ್ತ ಹುಟ್ಟಿದವು. ಕಾದಂಬರಿಕಾರರು ಅರಮನೆಯಲ್ಲೇ ಸುಳಿದಾಡಿದ್ದು ಯಾಕೆಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ನನ್ನ ಮಟ್ಟಿಗೆ, ಪುಸ್ತಕವನ್ನು ಮುಟ್ಟುಗೋಲು ಹಾಕುವುದು ಸಾಹಿತ್ಯದ ಜಗಳಕ್ಕೆ ಪೊಲೀಸ್ ಮದ್ದು. ಹಾಗೆಂದು ಬರೆಯುವವರ ಪಾಲಿಗೆ ಯಾವ ಪಾಠವೂ ಇಲ್ಲವೆನ್ನಲಾರೆ. ಚೆನ್ನಬಸವಣ್ಣ ಪ್ರಸಾದದಿಂದ ಹುಟ್ಟಿದ ಎನ್ನುವ ಪುರಾಣಗಳಿವೆ, ಶಿವಸ್ವಾಮಿ ಎಂಬ ತಂದೆಯನ್ನು ಹೇಳುವವರಿದ್ದಾರೆ. ಇಲ್ಲಿ ಗುಟ್ಟು ಹೊರಗೆಡಹುವುದು ಸಂಶೋಧಕರಿಗೆ ಆಸೆ ಹುಟ್ಟಿಸುವ ಕೆಲಸ. ಕಾದಂಬರಿಗೆ ಬೇಕಾದದ್ದು ಬೇರೆ: ಆ ಕೂಸನ್ನು ಎತ್ತಿಕೊಂಡು ಓಣಿಯಲ್ಲಿ ನಡೆದ ನಾಗಮ್ಮ ಯಾರ ಯಾರ ಕಣ್ಣು ತಪ್ಪಿಸಿದಳು, ಬಾಣಂತನಕ್ಕೆ ಯಾರು ಬಂದರು, ಯಾರು ಬರಲಿಲ್ಲ. ತಂದೆ ಯಾರೆಂದು ಹೇಳದೆಯೇ ಈ ಕತೆ ಹೇಳಬಹುದು, ಹೇಳಿದ್ದಕ್ಕಿಂತ ತೀವ್ರವಾಗಿ ಹೇಳಬಹುದು. ಇದು ಹೆದರಿ ಹಿಂದೆ ಸರಿದಂತಲ್ಲವೇ ಎಂದು ಕೇಳಬಹುದು. ಬೇರೆ ಬೆಳಕಿನಲ್ಲಿ ನೋಡಿ: ತಂಗಡಗಿಯ ಭಕ್ತರು ಬಸವಣ್ಣನ ಕರೆಯನ್ನು ಒಪ್ಪದ ಹೆಂಡತಿಯ ಕತೆಯನ್ನು ಇಷ್ಟು ಕಾಲ ಪೂಜೆಯ ಜೊತೆಯಲ್ಲೇ ಹೇಳಿಕೊಂಡು ಬಂದಿದ್ದಾರೆ, ಯಾರ ಮನಸ್ಸೂ ನೊಂದಿಲ್ಲ. ಜನಪರಂಪರೆಯ ಹೊಟ್ಟೆ ನಾವು ತಿಳಿದಷ್ಟು ಸಣ್ಣದಲ್ಲ. ನೋವನ್ನು ನೋವಿನ ಗೌರವದಿಂದ ಹೇಳಿದರೆ ಅದು ಅರಗಿಸಿಕೊಳ್ಳುತ್ತದೆ.

ಭಾವುಕತೆಯ ಬಗೆಗೂ ಒಂದು ಮಾತು. ಮನೆ, ತಾಯಿ, ಅಗಲಿಕೆ ಎಂದೊಡನೆ ಕಣ್ಣೀರಿನ ಕಾದಂಬರಿ ಎಂದು ಮೂಗು ಮುರಿಯುವವರು ವಿಮರ್ಶಕರಲ್ಲಿ ಹೆಚ್ಚು. ಅವರ ಸಂಶಯಕ್ಕೆ ಕಾರಣವಿಲ್ಲದಿಲ್ಲ. ಪುಟಪುಟಕ್ಕೂ ಬಿಕ್ಕಳಿಸುವ ಪುಸ್ತಕಗಳ ಕೊರತೆ ನಮ್ಮಲ್ಲಿಲ್ಲ. ಅದಕ್ಕೆ ಮದ್ದೂ ಇದೇ ನೆಲದಲ್ಲಿದೆ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಬೀಸುಕಲ್ಲಿನ ಮುಂದೆ ಹುಟ್ಟಿದ ಆ ತ್ರಿಪದಿಗಳಲ್ಲಿ ದುಃಖ ತುಂಬಿದೆ, ಗೋಳಾಟ ಇಲ್ಲ. ಮೂರು ಸಾಲಿನಲ್ಲಿ ತವರಿನ ದಾರಿ, ಅಣ್ಣನ ಮೌನ, ಅತ್ತೆಯ ಮಾತು ಬಂದು ಹೋಗುತ್ತವೆ, ಕಲ್ಲು ತಿರುಗುತ್ತಲೇ ಇರುತ್ತದೆ. ಉತ್ತರ ಕರ್ನಾಟಕದ ‘ಕೆರೆಗೆ ಹಾರ’ದ ಭಾಗೀರಥಿ ನೀರಿಲ್ಲದ ಕೆರೆಗೆ ತಾನೇ ಬಲಿಯೆಂದು ತಿಳಿದ ಮೇಲೂ ಮನೆಗೆಲಸ ಮುಗಿಸಿ ಹೊರಡುತ್ತಾಳೆ. ಬಲಿ ಕೊಡುವ ನಿರ್ಧಾರ ಮಾವ ಮಲ್ಲನಗೌಡನದು, ಊರಿಗೆ ನೀರು ಬೇಕು ಎಂಬ ನ್ಯಾಯವೂ ಅವನ ಕಡೆಗಿದೆ. ಹಾಡಿದ ಹೆಣ್ಣುಮಕ್ಕಳು ಮಾವನನ್ನು ಬಯ್ಯಲಿಲ್ಲ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರಿದ್ದನ್ನು ಮಾತ್ರ ಹೇಳಿ ಹಾಡು ನಿಲ್ಲಿಸಿದರು. ಕುಟುಂಬದ ಧರ್ಮಸಂಕಟವನ್ನು ಅತಿಯಿಲ್ಲದೆ ಹೇಳುವ ವಿದ್ಯೆ ಕಲಿಯಲು ಕಾದಂಬರಿಕಾರ ದೂರ ಹೋಗಬೇಕಿಲ್ಲ.

ಶರಣರ ಕಾಲವನ್ನು ಬಿಟ್ಟು 1565ಕ್ಕೆ ಬಂದರೂ ಇದೇ ಮಾತು ನಿಲ್ಲುತ್ತದೆ. ಆ ಯುದ್ಧವನ್ನು ಎರಡು ಧರ್ಮಗಳ ಘರ್ಷಣೆಯಾಗಿ ಬರೆದ ಸಾಹಿತ್ಯ ಬೇಕಾದಷ್ಟಿದೆ. ಚರಿತ್ರೆಕಾರ ಫೆರಿಷ್ತಾನ ಬಖೈರಿನಲ್ಲಿ ಬೇರೊಂದು ಎಳೆ ಇದೆ. ವಿಜಯನಗರದ ಅಳಿಯ ರಾಮರಾಯನ ಮಗ ತೀರಿಕೊಂಡಾಗ ವಿಜಾಪುರದ ಅಲಿ ಆದಿಲಶಾಹ ಸಂತಾಪ ಹೇಳಲು ತಾನೇ ಅಲ್ಲಿಗೆ ಹೋದ. ಮಗನನ್ನು ಕಳೆದುಕೊಂಡ ತಾಯಿ ಅವನನ್ನು ಮಗನೆಂದು ಕರೆದಳು. ಕೆಲವೇ ವರ್ಷಗಳಲ್ಲಿ ಅದೇ ಅಲಿ ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ಮದುವೆಯಾಗಿ, ತನ್ನ ತಂಗಿಯನ್ನು ಹುಸೇನನ ಮಗನಿಗೆ ಕೊಟ್ಟು, ಸೊಲ್ಲಾಪುರದ ಕೋಟೆಯನ್ನು ವರದಕ್ಷಿಣೆಯಾಗಿ ಪಡೆದು ಆ ಕೂಟ ಸೇರಿದ. ಎರಡು ಹೆಣ್ಣುಮಕ್ಕಳ ಮದುವೆ ಒಂದು ಒಪ್ಪಂದಪತ್ರದ ಕೆಲಸ ಮಾಡಿತು. ಆ ಒಪ್ಪಂದ ಗುರಿಯಿಟ್ಟದ್ದು ಮಗನೆಂದು ಕರೆದ ಮನೆಯ ಮೇಲೆ. ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ (2018) ಈ ಸಂಬಂಧವನ್ನು ಹಿಡಿದಿದೆ. ಮತ್ತೆ ನಾಟಕವೇ, ಕಾದಂಬರಿಯಲ್ಲ. ರಾಮರಾಯನ ಹೆಂಡತಿಗೆ ರಣದ ಸುದ್ದಿ ಬಂದ ದಿನವನ್ನು ಊಹಿಸಿ. ಗಂಡನ ತಲೆ ಹೋದ ಸುದ್ದಿಯ ಜೊತೆಗೆ, ತಾನು ಒಮ್ಮೆ ಮಗನೇ ಎಂದವನು ಯಾವ ಕಡೆ ನಿಂತಿದ್ದ ಎಂಬುದೂ ಗೊತ್ತು. ಚಾಂದಬೀಬಿ ಮುಂದೆ ಎರಡು ರಾಜ್ಯಗಳ ಭಾರ ಹೊತ್ತದ್ದನ್ನು ಬರೆದವರು, ಆ ಮದುವೆಯ ಮೊದಲ ವರ್ಷವನ್ನು ಮುಟ್ಟಿದ್ದು ಅಪರೂಪ.

ನಮ್ಮ ಕಾಲಕ್ಕೆ ಹತ್ತಿರದವರ ವಿಷಯದಲ್ಲೂ ಇದೇ ಆಗಿದೆ. ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ವ್ಯಂಕಟೇಶ ಖೇಡಗೀಕರ ಸನ್ಯಾಸ ತೆಗೆದುಕೊಂಡು ಸ್ವಾಮಿ ರಾಮಾನಂದ ತೀರ್ಥರಾಗಿ ಹೈದರಾಬಾದ್ ವಿಮೋಚನೆಯ ಹೋರಾಟ ನಡೆಸಿದರು. ಅವರನ್ನು ಬರೆಯುವವರೂ ಖೇಡಗೀಕರ ಮನೆಯನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಹೀಗೆ ದಾಟಿಹೋಗುವುದು ನಮ್ಮ ಅಭ್ಯಾಸ. ಬಸವಣ್ಣನ ಮನೆಯ ಮಟ್ಟಿಗೆ ನೆಲವೇ ಈ ಅಭ್ಯಾಸವನ್ನು ತಡೆಯುವಂತಿದೆ. ಬಸವಣ್ಣ ಕೂಡಲಸಂಗಮದಲ್ಲಿ, ಆತನ ಇನ್ನೊಬ್ಬ ಹೆಂಡತಿ ಗಂಗಮ್ಮ ಮಲಪ್ರಭೆಯ ದಂಡೆಯ ಮುಗಟಖಾನ ಹುಬ್ಬಳ್ಳಿಯಲ್ಲಿ, ನಾಗಮ್ಮ ತರೀಕೆರೆ ಕಡೆಯ ಎಣ್ಣೆಹೊಳೆಯಲ್ಲಿ, ಚೆನ್ನಬಸವಣ್ಣ ಉಳವಿಯ ಕಾಡಿನಲ್ಲಿ, ನೀಲಮ್ಮ ತಂಗಡಗಿಯಲ್ಲಿ. ಪರಂಪರೆ ಹೇಳುವ ಈ ಐದು ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿ: ಒಂದು ಸೂರಿನ ಕೆಳಗೆ ಉಂಡವರು ಒಬ್ಬರ ಮಣ್ಣಿಗೆ ಇನ್ನೊಬ್ಬರು ಬರಲಾಗದಂತೆ ಚೆದುರಿ ಹೋದರು. ಕಾದಂಬರಿಯ ಅಧ್ಯಾಯಗಳನ್ನು ಯಾರೋ ಆ ನೆಲದ ಮೇಲೇ ವಿಂಗಡಿಸಿಟ್ಟಂತಿದೆ. ತಂಗಡಗಿಯಲ್ಲಿ ಈಗ ನೀಲಮ್ಮನ ಗುಡಿಯ ಜೊತೆಗೆ ಹಡಪದ ಅಪ್ಪಣ್ಣನ ಹೆಸರಿನ ಗುರುಪೀಠವೂ ಇದೆ. ತಾಂಬೂಲದ ಸಂಚಿ ಹಿಡಿದು ಬಸವಣ್ಣನ ಪಕ್ಕದಲ್ಲಿರುತ್ತಿದ್ದವನು, ಕರೆಯ ಮಾತನ್ನು ಹೊತ್ತು ಬಂದವನು, ಉತ್ತರ ಹೊತ್ತು ಹಿಂದಿರುಗಿ ಯಾರ ಮುಂದೆ ನಿಲ್ಲಬೇಕೆಂದು ತಿಳಿಯದೆ ಹೊಳೆ ನೋಡುತ್ತ ನಿಂತವನು. ಅವನ ಹೆಂಡತಿ ಲಿಂಗಮ್ಮನೂ ವಚನ ಬರೆದಳು. ಆಕೆಯ ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಅಪ್ಪಣ್ಣ ತಂಗಡಗಿಯ ದಾರಿಯಲ್ಲಿದ್ದ ಆ ದಿನಗಳಲ್ಲಿ ಲಿಂಗಮ್ಮ ಎಲ್ಲಿದ್ದಳು ಎಂದು ಯಾವ ಪುರಾಣವನ್ನೂ ಯಾರೂ ಕೇಳಿದಂತಿಲ್ಲ.